ಬೈಕು ಎತ್ತುವ ಮೇಜು

ಬೆನ್ನಿನ ಆಪರೇಷನ್ ಆಗಿ ಆಸ್ಪತ್ರೆಯಿಂದ ಮನೆಗೆ ಹೊರಡುವ ದಿನ ಡಾಕ್ಟರು ನಾನು ಏನೇನು ಮಾಡಬಾರದು ಎಂದು ಹೇಳಿದರು. ಬಗ್ಗಬಾರದು, ನೆಲದ ಮೇಲೆ ಕೂರಬಾರದು, ಕುಕ್ಕರಗಾಲಿನಲ್ಲಂತೂ ಕೂರಲೇಬಾರದು, ಭಾರ ಎತ್ತಬಾರದು. ಬೈಕು ಓಡಿಸಬಹುದೇ ಎಂದು ಕೇಳಿದೆ. ಅದನ್ನು ಆಮೇಲೆ ನೋಡುವ ಎಂದರು. ನನ್ನ ಹೆಂಡತಿ ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ನರ್ಸ್. ಪಕ್ಕದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡವಳು, ಇವರಿಗೆ ಸುಮ್ಮನೆ ಕೂತು ಗೊತ್ತಿಲ್ಲ ಸರ್, ಮಾಡಬಹುದಾದದ್ದು ಏನಾದರೂ ಇದ್ದರೆ ಅದನ್ನೂ ಹೇಳಿಬಿಡಿ ಎಂದಳು. ಡಾಕ್ಟರು ನಕ್ಕು, ನಡೆಯಲಿ ಎಂದರು.

ನಡೆದೆ. ಕಾಟಿಪಳ್ಳದ ನಮ್ಮ ಮನೆಯ ಗೇಟಿನಿಂದ ಹಿತ್ತಿಲ ಬಾವಿಯವರೆಗೆ, ಬಾವಿಯಿಂದ ಗೇಟಿಗೆ. ಬಂದರಿಗೆಂದು ಪಣಂಬೂರಿನ ಜಾಗ ಬಿಟ್ಟುಕೊಟ್ಟಾಗ ನನ್ನ ಅಜ್ಜನಿಗೆ ಸಿಕ್ಕಿದ ಸೈಟು ಅದು. ನಡೆಯುವವನಿಗೆ ಬೇಗ ಮುಗಿದುಹೋಗುತ್ತದೆ. ಹೆಂಡತಿ ಡ್ಯೂಟಿಗೆ ಹೋದ ಮೇಲೆ ಮನೆಯಲ್ಲಿ ನಾನೊಬ್ಬನೇ. ಟಿವಿ ಹಾಕುತ್ತಿದ್ದೆ, ಆರಿಸುತ್ತಿದ್ದೆ. ಪೇಪರಿನ ಮೊದಲ ಪುಟ ಮುಗಿಯುವ ಮೊದಲೇ ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆರೆದು ನೋಡುತ್ತಿದ್ದೆ. ಹಸಿವೆಯಾಗಿ ಅಲ್ಲ. ಕೈಗೆ ಏನಾದರೂ ಬೇಕಿತ್ತು.

ನಾನು ಬಂದರಿನಲ್ಲಿ ಕ್ರೇನ್ ಆಪರೇಟರ್. ಹಡಗಿನ ಹೊಟ್ಟೆಯಿಂದ ಕಲ್ಲಿದ್ದಲು, ಗೊಬ್ಬರ, ಮರದ ದಿಮ್ಮಿ ಎತ್ತಿ ಧಕ್ಕೆಯ ಮೇಲೆ ಇಳಿಸುವುದು ಕೆಲಸ. ಎತ್ತರದ ಕ್ಯಾಬಿನ್ನಿನಲ್ಲಿ ಕೂತು, ಕಾಲಬುಡದ ಗಾಜಿನ ಮೂಲಕ ಕೆಳಗೆ ನೋಡುತ್ತ, ಕತ್ತು ಬೆನ್ನು ಎರಡನ್ನೂ ಮುಂದಕ್ಕೆ ಬಗ್ಗಿಸಿಕೊಂಡು ವರ್ಷಗಟ್ಟಲೆ ಕಳೆದವನು. ಕೊನೆಗೊಮ್ಮೆ ಸೊಂಟದ ಡಿಸ್ಕ್ ಜಾರಿ ಬಲಗಾಲಿನ ನರವನ್ನು ಒತ್ತಿ ಹಿಡಿಯಿತು. ಕ್ಯಾಬಿನ್ನಿನಿಂದ ಏಣಿ ಇಳಿಯಲಾಗದೆ ಮೇಲೆಯೇ ಕೂತಿದ್ದ ನನ್ನನ್ನು ಜೊತೆಯವರು ಹೇಗೋ ಇಳಿಸಿ ಆಸ್ಪತ್ರೆಗೆ ಸೇರಿಸಿದ್ದರು. ಈಗ ಮನೆಯಲ್ಲಿದ್ದಾಗ ಅವರೇ ಫೋನ್ ಮಾಡಿ ಯಾವ ಹಡಗು ಬಂತು, ಯಾವುದು ಹೊರಗೆ ಲಂಗರು ಹಾಕಿ ಕಾಯುತ್ತಿದೆ ಎಂದು ಹೇಳುತ್ತಿದ್ದರು. ಕೇಳಿದ ಮೇಲೆ ನನ್ನ ತಳಮಳ ಹೆಚ್ಚಾಗುತ್ತಿತ್ತು. ಆಫೀಸಿನಿಂದಲೂ ಒಂದು ಮಾತು ಬಂದಿತ್ತು. ಮೆಡಿಕಲ್‌ನಲ್ಲಿ ಪಾಸಾಗದಿದ್ದರೆ ಗಾಬರಿ ಬೇಡ, ಕೆಳಗೆ ಧಕ್ಕೆಯ ಮೇಲೆ ನಿಂತು ಸಿಗ್ನಲ್ ಕೊಡುವ ಕೆಲಸ ಉಂಟು ಎಂದು. ಹೇಳಿದವರ ಮನಸ್ಸು ಒಳ್ಳೆಯದೇ. ಆದರೆ ಆ ಫೋನ್ ಇಟ್ಟ ಮೇಲೆ ನಾನು ಗೇಟಿನಿಂದ ಬಾವಿಗೆ ಎಷ್ಟು ಸಲ ನಡೆದೆನೋ ನನಗೇ ಗೊತ್ತಿಲ್ಲ.

ಮನೆಯ ಪಕ್ಕದ ಶೀಟಿನ ಮಾಡಿನ ಕೆಳಗೆ ನನ್ನ ಬೈಕು ನಿಂತಿತ್ತು. ಮುನ್ನೂರೈವತ್ತು ಸಿಸಿಯ ಹಳೆಯ ಗಾಡಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಂಡದ್ದು. ಅದರ ನಟ್ಟು ಬೋಲ್ಟುಗಳನ್ನು ನಾನೇ ಬಿಚ್ಚಿ ನಾನೇ ಹಾಕಿದವನು, ಗ್ಯಾರೇಜಿಗೆ ಕೊಟ್ಟವನಲ್ಲ. ಸಮುದ್ರದ ಗಾಳಿಗೆ ನಮ್ಮ ಕಡೆ ಯಾವ ಕಬ್ಬಿಣವೂ ಸುಮ್ಮನೆ ನಿಲ್ಲುವುದಿಲ್ಲ. ಆಗಾಗ ಒರೆಸಿ ಎಣ್ಣೆ ಹಾಕದಿದ್ದರೆ ಚೈನಿಗೆ ತುಕ್ಕು, ಚಕ್ರದ ಕಡ್ಡಿಗಳಿಗೆ ತುಕ್ಕು, ಸೈಲೆನ್ಸರಿನ ಅಡಿಗೆ ತುಕ್ಕು. ಎಲ್ಲ ಕೆಲಸವೂ ಸೊಂಟಕ್ಕಿಂತ ಕೆಳಗೆ. ಗೋಣಿಚೀಲ ಹಾಸಿ ನೆಲದಲ್ಲಿ ಕೂತು ಮಾಡುವಂಥದ್ದು. ದಿನಕ್ಕೆ ನಾಲ್ಕಾರು ಸಲ ಅದರ ಹತ್ತಿರ ಹೋಗಿ ನಿಂತು ಚೈನನ್ನು ನೋಡಿ ವಾಪಸು ಬರುತ್ತಿದ್ದೆ. ಒಮ್ಮೆ ತಡೆಯಲಾರದೆ ಗೋಡೆ ಹಿಡಿದುಕೊಂಡು ಮೆಲ್ಲ ಮಂಡಿಯೂರಿದೆ. ಏಳಲು ಆಗಲಿಲ್ಲ. ಹೆಂಡತಿ ಡ್ಯೂಟಿ ಮುಗಿಸಿ ಬರುವವರೆಗೆ ಅಲ್ಲಿಯೇ, ಚಕ್ರದ ಪಕ್ಕದಲ್ಲಿ. ಬಂದವಳು ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ಬಚ್ಚಲಿಗೆ ಕರೆದುಕೊಂಡು ಹೋಗಿ ಕಾಲಿಗೆ ಬಿಸಿನೀರು ಹಾಕಿದಳು. ಆಮೇಲೆ ಹೇಳಿದಳು:

"ನೀವು ಕೆಳಗೆ ಹೋಗ್ಲಿಕ್ಕೆ ಆಗೂದಿಲ್ಲ. ಅದನ್ನೇ ಮೇಲೆ ತರ್ಲಿಕ್ಕೆ ಎಂತಾದ್ರೂ ಉಂಟಾ ನೋಡಿ."

ಮರುದಿನದಿಂದ ನನಗೆ ಒಂದು ಕೆಲಸ ಸಿಕ್ಕಿತು. ಗೋಡೆಗೆ ಒರಗಿ ನಿಂತು ಫೋನಿನಲ್ಲಿ ಬೈಕು ಎತ್ತುವ ಸಾಧನಗಳನ್ನು ನೋಡತೊಡಗಿದೆ. ಮೊದಲು ಕಂಡದ್ದು ಹಿಂದಿನ ಚಕ್ರದ ಅಡಿಗೆ ಕೊಡುವ ಸ್ಟ್ಯಾಂಡು. ಅಗ್ಗ, ಹಗುರ. ಆದರೆ ಅದು ಚಕ್ರವನ್ನು ನೆಲದಿಂದ ಒಂದು ಗೇಣಿನಷ್ಟೂ ಎತ್ತುವುದಿಲ್ಲ. ಚಕ್ರ ತಿರುಗಿಸಬಹುದು, ಕೂರುವುದು ಮಾತ್ರ ತಪ್ಪುವುದಿಲ್ಲ. ಎರಡನೆಯದು ಕತ್ತರಿಯಂತೆ ಬಿಚ್ಚಿಕೊಳ್ಳುವ ಜಾಕು. ಎಂಜಿನ್ನಿನ ಅಡಿಗೆ ತೂರಿಸಿ ಎತ್ತುವುದು. ಅದನ್ನು ಕೊಂಡೇಬಿಡುವ ಮನಸ್ಸಾಗಿತ್ತು. ಆದರೆ ಅದಕ್ಕೆ ಬೈಕಿನ ಅಡಿಯಲ್ಲಿ ಫ್ರೇಮಿನ ಎರಡು ಸಮನಾದ ಪೈಪುಗಳು ಬೇಕು. ನನ್ನ ಹಳೆಯ ಗಾಡಿಗೆ ಅಡಿಯಲ್ಲಿ ಪೈಪೇ ಇಲ್ಲ, ಎಂಜಿನ್ನಿನ ಹೊಟ್ಟೆಯೇ ತಳ. ಅಲ್ಯೂಮಿನಿಯಂ ಹೊಟ್ಟೆಯ ಮೇಲೆ ಇಡೀ ಗಾಡಿಯ ಭಾರ ಹೇರುವುದು ನನಗೆ ಒಪ್ಪಿಗೆಯಾಗಲಿಲ್ಲ. ಉಳಿದದ್ದು ಮೇಜಿನಂಥ ಲಿಫ್ಟು. ಆಳುದ್ದಕ್ಕಿಂತ ಉದ್ದದ ಕಬ್ಬಿಣದ ಹಲಗೆ, ಹತ್ತಿಸಲು ಒಂದು ಇಳಿಜಾರು ತಗಡು, ಮುಂದಿನ ಚಕ್ರವನ್ನು ಕಚ್ಚಿ ಹಿಡಿಯುವ ಕ್ಲಾಂಪು. ಕಾಲಿನಲ್ಲಿ ಪೆಡಲ್ ಒತ್ತುತ್ತ ಹೋದರೆ ಇಡೀ ಹಲಗೆ ಬೈಕಿನ ಸಮೇತ ಮೇಲೇಳುತ್ತದೆ.

ಎಷ್ಟು ಎತ್ತರಕ್ಕೆ ಏಳಬೇಕು ಎಂಬುದನ್ನು ತೀರ್ಮಾನ ಮಾಡಿದವಳು ಹೆಂಡತಿ. ಅಡುಗೆಮನೆಯ ಕಟ್ಟೆಯ ಮುಂದೆ ನಿಂತು ಸೌತೆಕಾಯಿ ಹೆಚ್ಚುವಾಗ ನನಗೆ ನೋವಾಗುತ್ತದೆಯೇ ಎಂದು ಕೇಳಿದಳು. ಇಲ್ಲ ಎಂದೆ. ಹಾಗಾದರೆ ಚಕ್ರದ ನಡುಮಧ್ಯ ಈ ಕಟ್ಟೆಗಿಂತ ಒಂದು ಚೂರೂ ಕೆಳಗಿರಬಾರದು ಎಂದಳು. ನಾನು ಅಲ್ಲಿಯವರೆಗೆ ಹಲಗೆಯ ಎತ್ತರವನ್ನೇ ನೋಡುತ್ತಿದ್ದೆ. ಕೈ ಕೆಲಸ ಮಾಡುವುದು ಹಲಗೆಯ ಮೇಲಲ್ಲ, ಅದಕ್ಕಿಂತ ಮೇಲೆ ಇರುವ ಆಕ್ಸಲಿನಲ್ಲಿ ಎಂಬುದು ಅವಳು ಹೇಳಿದ ಮೇಲೆ ತಲೆಗೆ ಹೋಯಿತು.

ಪಕ್ಕದ ಮನೆಯ ಪೊರ್ಬುಗಳಿಗೆ ಈ ವಿಚಾರ ಗೊತ್ತಾಯಿತು. ಪೊರ್ಬುಗಳೆಂದರೆ ಅವರ ಹೆಸರಲ್ಲ, ನಮ್ಮ ಕಡೆ ಕ್ರಿಶ್ಚಿಯನ್ ಗಂಡಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. ಅವರು ಮಸ್ಕತ್ತಿನಲ್ಲಿ ಬಹಳ ವರ್ಷ ಎಸಿ ಕೆಲಸ ಮಾಡಿ ಬಂದವರು. ಎಪ್ಪತ್ತು ದಾಟಿದೆ, ಕಿವಿ ಮಂದ, ಕೇಳಿಸಲು ಮಿಷನ್ ಹಾಕುತ್ತಾರೆ. ನನ್ನ ಹಾಗೆಯೇ ಕೂತಲ್ಲಿ ಕೂರದ ಮನುಷ್ಯ. ಗೋಡೆಯಾಚೆಯಿಂದ ಬಂದು, ಇದಕ್ಕೆಲ್ಲ ಎಂತಕ್ಕೆ ಖರ್ಚು, ಮಾಡಿನ ಕಬ್ಬಿಣದ ಅಡ್ಡೆಗೆ ಚೈನ್ ಪುಲ್ಲಿ ಕಟ್ಟಿ ಬೈಕನ್ನು ನೇತುಹಾಕುವ ಎಂದರು. ತಮ್ಮ ಪುಲ್ಲಿಯನ್ನು ತಂದೂ ತೋರಿಸಿದರು. ನೇತು ಬಿದ್ದ ಭಾರ ಹೇಗೆ ತೊನೆದಾಡುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ಬೀದಿಯಲ್ಲಿ ಯಾರೂ ಇಲ್ಲ. ಬೇಡ ಎಂದೆ. ಅವರಿಗೆ ಸ್ವಲ್ಪ ಬೇಸರವಾಯಿತು. ಆದರೂ ಬೈಕಂಪಾಡಿಯಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಸರ್ವಿಸ್ ಸ್ಟೇಷನ್ನಿನ ಸುದ್ದಿ ತಂದವರು ಅವರೇ, ಅವರ ಕಾರಿನ ಮುಂದಿನ ಸೀಟನ್ನು ಹಿಂದಕ್ಕೆ ಒರಗಿಸಿ, ಬೆನ್ನಿಗೆ ತಲೆದಿಂಬು ಕೊಟ್ಟು ನನ್ನನ್ನು ಕರೆದುಕೊಂಡು ಹೋದವರೂ ಅವರೇ.

ಅಲ್ಲಿ ಎರಡು ಲಿಫ್ಟುಗಳಿದ್ದವು. ದೊಡ್ಡದು ಕರೆಂಟಿನದು. ಗುಂಡಿ ಒತ್ತಿದರೆ ಏಳುತ್ತದೆ, ಆದರೆ ಅದಕ್ಕೆ ತ್ರೀ ಫೇಸ್ ಬೇಕು, ಮತ್ತು ಅದನ್ನು ತಂದರೆ ನಮ್ಮ ಮಾಡಿನ ಅಡಿಯಲ್ಲಿ ನಿಲ್ಲಲು ನನಗೇ ಜಾಗವಿಲ್ಲ. ಚಿಕ್ಕದು ಕಾಲಿನಲ್ಲಿ ಒತ್ತುವಂಥದ್ದು. ಅದರ ಮೇಲೆ ಒಂದು ಗಾಡಿ ಹತ್ತಿಸಿ, ಪೂರ್ತಿ ಎತ್ತಿ, ಹಾಗೆಯೇ ಬಿಡಿ ಎಂದು ಅಲ್ಲಿದ್ದವರಿಗೆ ಹೇಳಿದೆ. ನಾವಿಬ್ಬರು ರಸ್ತೆಯಾಚೆ ಹೋಗಿ ಚಹಾ ಕುಡಿದು, ಬಿಸ್ಕುಟ್ ರೊಟ್ಟಿ ತಿಂದು ಬಂದು ನೋಡಿದಾಗ ಹಲಗೆ ಎರಡು ಬೆರಳಿನಷ್ಟು ಕುಸಿದಿತ್ತು. ಪೊರ್ಬುಗಳು ನನ್ನ ತೋಳು ಹಿಡಿದು, ಬಿಡಿ, ಹೋಗುವ ಎಂದರು. ನಾನು ಬಗ್ಗದೆ, ಪೆಡಲಿನ ಪಕ್ಕದ ಪೈಪನ್ನು ಕಾಲಿನ ಹೆಬ್ಬೆರಳಿನಿಂದ ಮುಟ್ಟಿ ನೋಡಿದೆ. ಎಣ್ಣೆ ಜಿನುಗುತ್ತಿತ್ತು. ಸೀಲು ಹಳತಾಗಿದೆ, ಅಷ್ಟೇ. ಕಬ್ಬಿಣ ಗಟ್ಟಿಯಿದೆ, ಬೆಸುಗೆ ಎಲ್ಲಿಯೂ ಬಿರಿದಿಲ್ಲ, ಎತ್ತಿದ ಮೇಲೆ ಅಡ್ಡ ತೂರಿಸುವ ಲಾಕಿನ ಸರಳು ನೇರವಾಗಿದೆ. ತೆಗೆದುಕೊಂಡೆ.

ಟೆಂಪೋದಲ್ಲಿ ಅದು ಮನೆಗೆ ಬಂದ ದಿನ ನಾನು ಮಗುವಿನ ಹಾಗೆ ಅದರ ಸುತ್ತ ಸುತ್ತಿದೆ. ಆದರೆ ಕೂಡಲೇ ಬಳಸಲು ಆಗಲಿಲ್ಲ. ಮಳೆಗಾಲದ ನೀರು ಹರಿದುಹೋಗಲೆಂದು ನಮ್ಮ ಮಾಡಿನ ನೆಲ ಗೇಟಿನ ಕಡೆಗೆ ಇಳಿಜಾರಾಗಿದೆ. ಓರೆ ನೆಲದಲ್ಲಿ ನಿಂತ ಲಿಫ್ಟು ಎತ್ತರಕ್ಕೆ ಹೋದಷ್ಟೂ ಓರೆಯಾಗುತ್ತದೆ. ಮೇಸ್ತ್ರಿ ಬಂದು ಕಾಂಕ್ರೀಟು ಹಾಕಿ ಮಟ್ಟ ಮಾಡಿದ. ಪೊರ್ಬುಗಳು ಮಟ್ಟ ನೋಡಲು ನೀರು ತುಂಬಿದ ಪೈಪು ಹಿಡಿದು ಅವನ ಹಿಂದೆ ಮುಂದೆ ಓಡಾಡಿ ಅವನ ತಲೆ ತಿಂದರು. ಸಿಮೆಂಟು ಗಟ್ಟಿಯಾಗುವವರೆಗೆ ಕಾಯುವುದು ನನಗೆ ಆಪರೇಷನ್ನಿಗಿಂತ ಕಷ್ಟವಾಯಿತು. ಅಷ್ಟರಲ್ಲಿ ಹೊಸ ಸೀಲು ಹಾಕಿಸಿದೆ, ಎಣ್ಣೆ ಬದಲಾಯಿಸಿದೆ.

ಬೈಕನ್ನು ಮೊದಲ ಸಲ ಹತ್ತಿಸಿದ್ದು ಒಂದು ಭಾನುವಾರ, ಪೊರ್ಬುಗಳು ಇಗರ್ಜಿಯಿಂದ ಬಂದ ಮೇಲೆ. ನಾನು ತಳ್ಳುವಂತಿಲ್ಲ. ಹ್ಯಾಂಡಲ್ ಹಿಡಿದು ದಾರಿ ತೋರಿಸುವುದಷ್ಟೇ ನನ್ನ ಪಾಲು. ಹೆಂಡತಿ ರೋಗಿಯನ್ನು ಮಂಚದಿಂದ ಮಂಚಕ್ಕೆ ಹಾಕುವವಳ ಹಾಗೆ ಸೆರಗು ಸಿಕ್ಕಿಸಿ, ತಾನು ಮೂರು ಎಣಿಸುವವರೆಗೆ ಯಾರೂ ಕೈ ಹಾಕಬಾರದು ಎಂದಳು. ಎಣಿಸಿದಳು. ಅವರಿಬ್ಬರು ಹಿಂದಿನಿಂದ ತಳ್ಳಿದರು. ಬೈಕು ಇಳಿಜಾರು ತಗಡನ್ನು ಹತ್ತಿ ಹೋಗಿ ಕ್ಲಾಂಪಿನಲ್ಲಿ ಚಕ್ರ ಇಟ್ಟು ನಿಂತಿತು. ಸೆಂಟರ್ ಸ್ಟ್ಯಾಂಡು ಹಾಕಿ, ಹ್ಯಾಂಡಲಿನ ಎರಡೂ ಬದಿಯಿಂದ ಹಲಗೆಯ ಬಳೆಗಳಿಗೆ ಬೆಲ್ಟು ಬಿಗಿದೆವು. ನಾನು ಎಡಗಾಲಿನಲ್ಲಿ ಪೆಡಲ್ ಒತ್ತಿದೆ. ಗಾಡಿ ಮೆಲ್ಲಗೆ, ಒಂದೊಂದೇ ಒತ್ತಿಗೆ, ನನ್ನ ಮಂಡಿಯಿಂದ ಸೊಂಟಕ್ಕೆ, ಸೊಂಟದಿಂದ ಎದೆಯ ಮಟ್ಟಕ್ಕೆ ಬಂತು. ಲಾಕಿನ ಸರಳು ತೂರಿಸಿದೆ. ಬೆನ್ನು ನೇರವಾಗಿಟ್ಟುಕೊಂಡೇ ಚೈನನ್ನು ಕೈಯಲ್ಲಿ ಹಿಡಿದೆ. ತಿಂಗಳುಗಳ ನಂತರ ಕೈಗೆ ಗ್ರೀಸು ಅಂಟಿತು. ಹೆಂಡತಿ ನನ್ನ ಮುಖ ನೋಡಿ, ಒಳಗೆ ಹೋಗಿ ಎಲ್ಲರಿಗೂ ಬೊಂಡದ ಎಳನೀರು ತಂದಳು.

ಕೆಲಸ ಸಿಕ್ಕಿದರೆ ತಳಮಳ ಕಡಿಮೆಯಾಗಬಹುದು ಎಂದು ನಾವಿಬ್ಬರೂ ನಂಬಿದ್ದೆವು. ಆಗಲಿಲ್ಲ. ಚೈನು ತೊಳೆದೆ, ಬ್ರೇಕು ಬಿಚ್ಚಿ ಸರಿಮಾಡಿದೆ, ಕಾರ್ಬುರೇಟರ್ ಬಿಚ್ಚಿದೆ. ಅದೆಲ್ಲ ಬೇಕಾದದ್ದೇ. ಆಮೇಲೆ ಬೇಡವಾದದ್ದನ್ನೂ ಬಿಚ್ಚತೊಡಗಿದೆ. ಸಂಜೆ ಜೋಡಿಸಿದ್ದನ್ನು ಬೆಳಿಗ್ಗೆ, ಎಲ್ಲೋ ಒಂದು ಸದ್ದು ಸರಿಯಿಲ್ಲ ಅನಿಸಿ, ಮತ್ತೆ ಬಿಚ್ಚುತ್ತಿದ್ದೆ. ಹೆಂಡತಿ ಡ್ಯೂಟಿಗೆ ಹೊರಡುವಾಗ ಗಾಡಿ ಒಂದು ಸ್ಥಿತಿಯಲ್ಲಿದ್ದರೆ ಬರುವಾಗ ಇನ್ನೊಂದು ಸ್ಥಿತಿಯಲ್ಲಿರುತ್ತಿತ್ತು. ಓಡುವ ಸ್ಥಿತಿಯಲ್ಲಿ ಮಾತ್ರ ಇರುತ್ತಿರಲಿಲ್ಲ. ಮೆಡಿಕಲ್ ಚೆಕಪ್ಪಿನ ದಿನ ಹತ್ತಿರ ಬಂದಿತ್ತು. ನಾನು ಒಂದು ಸಲ ಅದನ್ನು ಮುಂದಕ್ಕೆ ಹಾಕಿಸಿದ್ದೆ.

ಜೂನ್ ಕಳೆದು ಮಳೆ ಸರಿಯಾಗಿ ಹಿಡಿದುಕೊಂಡಿದ್ದ ಒಂದು ಸಂಜೆ ಅವಳು ಮಾಡಿನ ಕೆಳಗೆ ಬಂದು ನಿಂತು, ಇದು ಯಾವಾಗ ಮುಗಿಯುತ್ತದೆ ಎಂದು ಕೇಳಿದಳು. ಹಿಂದಿನ ಚಕ್ರದ ಬೇರಿಂಗ್ ಒಂದು ನೋಡಲಿಕ್ಕೆ ಉಂಟು, ಅಷ್ಟೇ ಎಂದೆ.

"ಅದು ಮುಗಿದ ಮೇಲೆ ಇನ್ನೊಂದು ಇರ್ತದೆ," ಎಂದಳು. "ಬೈಕು ಸರಿ ಆದ್ರೆ ನೀವು ಡಾಕ್ಟರ ಹತ್ರ ಹೋಗ್ಬೇಕಾಗ್ತದೆ. ಅದಕ್ಕೇ ಅದು ಸರಿ ಆಗೂದಿಲ್ಲ."

ನನಗೆ ಸಿಟ್ಟು ಬಂತು. ನಿನಗೆ ಯಂತ್ರದ ವಿಷಯ ಗೊತ್ತಿಲ್ಲ ಎಂದು ಏನೋ ಹೇಳಿದೆ. ಅವಳು ಒಳಗೆ ಹೋದಳು. ಅವಳು ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಮರುದಿನ ಅವಳಿಗೆ ಬೆಳಗಿನ ಪಾಳಿ. ಅವಳು ಹೋದ ಮೇಲೆ ನಾನು ಹಿಂದಿನ ಚಕ್ರ ಬಿಚ್ಚಲು ನಿಂತೆ. ಅವಳ ಮಾತಿನಿಂದಾಗಿ ಕೈಯಲ್ಲಿ ಅವಸರವಿತ್ತು, ಆದರೆ ಯಾವ ನಿಯಮವನ್ನೂ ಬಿಡಲಿಲ್ಲ. ಕ್ಲಾಂಪು ಬಿಗಿದಿತ್ತು, ಸ್ಟ್ಯಾಂಡು ಹಾಕಿತ್ತು, ಎರಡೂ ಬೆಲ್ಟುಗಳನ್ನು ಎಳೆದು ನೋಡಿದ್ದೆ, ಲಾಕಿನ ಸರಳು ಅದರ ಜಾಗದಲ್ಲಿತ್ತು. ಹಲಗೆಯ ಹಿಂಬದಿಯ ಒಂದು ತುಂಡನ್ನು ತೆಗೆದಿಡಬಹುದು, ಅದನ್ನೂ ತೆಗೆದಿಟ್ಟಿದ್ದೆ. ಆಕ್ಸಲ್ ಎಳೆದರೆ ಚಕ್ರ ಆ ಸಂದಿಯಿಂದ ಕೆಳಗೆ ಇಳಿದು ಕೈಗೆ ಬರುತ್ತದೆ. ಆಕ್ಸಲ್ ಎಂದರೆ ಚಕ್ರದ ನಡುವೆ ಹಾದುಹೋಗುವ ಉದ್ದದ ಸರಳು. ನಟ್ಟು ಬಿಚ್ಚಿ ಆ ಕಡೆಯಿಂದ ಮರದ ಸುತ್ತಿಗೆಯಲ್ಲಿ ಹೊಡೆದೆ. ಸ್ವಲ್ಪ ಸರಿದು ನಿಂತಿತು. ಒಳಗೆಲ್ಲೋ ತುಕ್ಕು ಕಚ್ಚಿಕೊಂಡಿತ್ತು. ಎಡಬದಿಗೆ ಬಂದು, ಅದರ ತಲೆಯ ತೂತಿಗೆ ಒಂದು ಕಬ್ಬಿಣದ ಸಲಾಕೆ ಕೊಟ್ಟು, ನನ್ನ ಕಡೆಗೆ ತಿರುಚುತ್ತ ಎಳೆದೆ. ಬೆನ್ನಿನಿಂದಲ್ಲ, ತೋಳಿನಿಂದ. ಬರಲಿಲ್ಲ. ಇನ್ನೊಮ್ಮೆ ಎಳೆದೆ.

ಆಕ್ಸಲ್ ಬರಲಿಲ್ಲ, ಬೈಕು ಬಂತು. ಬಲಬದಿಯ ಬೆಲ್ಟಿನ ಕೊಂಡಿ ಬಳೆಯಿಂದ ಕಳಚಿ ಹಾರಿದ ಸದ್ದು ಕೇಳಿಸಿತು. ಕೊಂಡಿಯ ಬಾಯಿ ಮುಚ್ಚುವ ಚಿಕ್ಕ ನಾಲಗೆ ಉಪ್ಪುಗಾಳಿಗೆ ತುಕ್ಕು ಹಿಡಿದು ಮುರಿದದ್ದು ಆಮೇಲೆ ಕಂಡಿತು. ಗಾಡಿ ಸ್ಟ್ಯಾಂಡಿನ ಎಡಗಾಲಿನ ಮೇಲೆ ವಾಲಿ, ಮುಂದಿನ ಚಕ್ರ ಕ್ಲಾಂಪಿನಿಂದ ಜಾರಿ, ನನ್ನ ಮೇಲೆ ಬಂತು. ಯೋಚಿಸುವ ಮೊದಲೇ ನಾನು ಸಲಾಕೆ ಬಿಟ್ಟು ಎರಡೂ ಕೈ ಸೀಟಿನ ಅಡಿಗೆ ಕೊಟ್ಟು, ಭುಜವನ್ನು ಟ್ಯಾಂಕಿನ ಹಿಂಬದಿಗೆ ಒತ್ತಿ ಹಿಡಿದು ನಿಂತಿದ್ದೆ.

ಅದು ನಿಂತಿತು. ನಾನೂ ನಿಂತೆ. ನೆಟ್ಟಗೆ ಮಾಡಲು ತಳ್ಳಿ ನೋಡಿದೆ. ಸೊಂಟದಲ್ಲಿ ಹೊಲಿಗೆ ಹಾಕಿದ ಜಾಗದಲ್ಲಿ ಒಂದು ಬಿಸಿ ಗೆರೆ ಎದ್ದಿತು. ತಳ್ಳುವುದನ್ನು ನಿಲ್ಲಿಸಿದೆ. ಹಲಗೆಯನ್ನು ಇಳಿಸುವ ಪೆಡಲ್ ಮುಂದಿನ ಚಕ್ರದ ಕಡೆ, ನನ್ನ ಕಾಲಿಗೆ ಎಟುಕದ ದೂರದಲ್ಲಿ. ಎಟುಕಿದರೂ ಪ್ರಯೋಜನವಿರಲಿಲ್ಲ. ಲಾಕಿನ ಸರಳನ್ನು ನಾನೇ ಸರಿಯಾಗಿ ತೂರಿಸಿದ್ದೆ, ಅದು ಇರುವಷ್ಟು ಹೊತ್ತು ಹಲಗೆ ಇಳಿಯುವುದಿಲ್ಲ. ಫೋನು ಕಿಟಕಿಯ ಕಟ್ಟೆಯ ಮೇಲಿತ್ತು. ಮಳೆ ಶೀಟಿನ ಮೇಲೆ ಹೊಯ್ಯುತ್ತಿತ್ತು. ಗೋಡೆಯಾಚೆ ಪೊರ್ಬುಗಳು ಜಗಲಿಯಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿರುವುದು ನನಗೆ ಚೆನ್ನಾಗಿ ಕಾಣಿಸುತ್ತಿತ್ತು. ಕೂಗಿದೆ. ಮಳೆ ಜೋರಾದಾಗ ಸದ್ದು ತಡೆಯಲಾರದೆ ಅವರು ಕಿವಿಯ ಮಿಷನ್ ತೆಗೆದಿಡುತ್ತಾರೆ. ಮತ್ತೆ ಕೂಗಿದೆ. ಅವರು ಒಂದು ಬೀಜವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಪಾತ್ರೆಗೆ ಹಾಕಿದರು.

ಎಷ್ಟು ಹೊತ್ತು ಹಾಗೆ ನಿಂತಿದ್ದೆ ಎಂದು ಈಗಲೂ ಹೇಳಲಾರೆ. ಬಹಳ ಇರಲಿಕ್ಕಿಲ್ಲ. ಮನಸ್ಸು ಮಾತ್ರ ಒಂದು ಕಡೆ ನಿಲ್ಲದೆ ಓಡುತ್ತಿತ್ತು. ಹೆಂಡತಿ ಮಧ್ಯಾಹ್ನಕ್ಕೆ ಬರುತ್ತಾಳೆ, ಅಲ್ಲಿಯವರೆಗೆ ಹಿಡಿಯಬಹುದೇ. ಪೊರ್ಬುಗಳ ಹೆಂಡತಿ ಬಟ್ಟೆ ಎತ್ತಲು ಹೊರಗೆ ಬರಬಹುದೇ, ಈ ಮಳೆಯಲ್ಲಿ ಹೊರಗೆ ಬಟ್ಟೆ ಯಾರು ಹಾಕುತ್ತಾರೆ. ಮೊಣಕೈಯಿಂದ ಬೆಲ್ಟಿನ ತುದಿಯನ್ನು ಎಳೆಯಬಹುದೇ. ಅಷ್ಟರಲ್ಲಿ ಬಲಗಾಲು ನಡುಗತೊಡಗಿತು. ತೊಡೆಯಿಂದ ಶುರುವಾಗಿ ಮಂಡಿಗೆ, ಮಂಡಿಯಿಂದ ಕೆಳಗೆ. ಪಾದ ಜುಮ್ಮೆಂದಿತು. ಆಮೇಲೆ ಜುಮ್ಮೆನ್ನುವುದೂ ನಿಂತು, ಚಪ್ಪಲಿ ಇದೆಯೋ ಇಲ್ಲವೋ ಗೊತ್ತಾಗದಂತೆ ಆಯಿತು.

ಕ್ರೇನಿನಲ್ಲಿ ನಮಗೆ ಮೊದಲ ದಿನ ಕಲಿಸುವುದು ಒಂದೇ ಮಾತು. ಎತ್ತಿದ್ದನ್ನು ಬಿಡಬಾರದು. ಗಾಳಿ ಬರಲಿ, ಹಡಗು ಓಲಾಡಲಿ, ಭಾರ ನೆಲದ ಮೇಲೆ ಕೂತ ಮೇಲೆಯೇ ಕೈ ಸಡಿಲಿಸುವುದು. ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಒಂದು ಚೀಲವೂ ಬಿದ್ದದ್ದಿಲ್ಲ. ಹೆಮ್ಮೆ ಇತ್ತು, ಈಗಲೂ ಇದೆ. ಆ ಮಾತು ನನ್ನ ತೋಳುಗಳಿಗೆ ಎಷ್ಟು ಅಂಟಿಹೋಗಿತ್ತೆಂದರೆ, ಬಿಡಬಹುದು ಎಂಬ ಯೋಚನೆ ಬರಲಿಕ್ಕೇ ಅಷ್ಟು ಹೊತ್ತು ಬೇಕಾಯಿತು. ಬಂದಾಗ ನಾಚಿಕೆಯೂ ಆಯಿತು. ಬೈಕು ಕೊಂಡ ವರ್ಷ ಅದರಲ್ಲಿ ಅಪ್ಪನನ್ನು ಬೋಳಾರದ ನೆಂಟರ ಮನೆಗೆ ಕರೆದುಕೊಂಡು ಹೋದದ್ದು, ಮದುವೆಯ ಹೊಸತರಲ್ಲಿ ಹೆಂಡತಿ ಹಿಂದೆ ಕೂತು ಮಲ್ಪೆಯವರೆಗೆ ಹೋದದ್ದು, ಎಲ್ಲ ನೆನಪಾಯಿತು ಎಂದು ಹೇಳಿದರೆ ಚೆಂದ. ಹಾಗೇನೂ ಆಗಲಿಲ್ಲ. ಕಾಲು ಇಲ್ಲದ ಹಾಗೆ ಆಗುತ್ತಿದೆ ಎಂಬುದೊಂದೇ ತಲೆಯಲ್ಲಿತ್ತು.

ಬಿಡುವುದಾದರೆ ಎಲ್ಲಿಗೆ ಬೀಳುತ್ತದೆ ಎಂದು ನೋಡಿಕೊಂಡೆ. ಮೊದಲು ಹ್ಯಾಂಡಲಿನ ತುದಿ ನೆಲಕ್ಕೆ, ಆಮೇಲೆ ಟ್ಯಾಂಕು. ಚಕ್ರ ಹಲಗೆಯ ಸಂದಿಯಲ್ಲಿ ಸಿಕ್ಕಿ ಹಿಂಭಾಗ ಸ್ವಲ್ಪ ತಡವಾಗಿ ಬರುತ್ತದೆ. ನಾನು ಹಿಂದಕ್ಕೆ ಹೋಗಬೇಕು, ಪಕ್ಕಕ್ಕಲ್ಲ. ಎಡಗಾಲನ್ನು ಮೊದಲು ಸರಿಸಿದೆ. ಬಲಗಾಲನ್ನು ಕೈಯಿಂದ ಎತ್ತಿಡಬೇಕು ಅನಿಸಿತು, ಕೈ ಖಾಲಿಯಿರಲಿಲ್ಲ. ಸೊಂಟ ತಿರುಗಿಸದೆ ಭುಜವನ್ನು ತೆಗೆದು, ಕೈಬಿಟ್ಟು, ಹಿಂದಕ್ಕೆ ಬಿದ್ದುಕೊಂಡ ಹಾಗೆ ಸರಿದೆ. ಬಾಗಿಲ ಪಕ್ಕದ ಗೋಡೆ ಬೆನ್ನಿಗೆ ಸಿಕ್ಕಿತು.

ಬಿದ್ದ ಸದ್ದು ಎಷ್ಟಿತ್ತೆಂದರೆ ಕಿವಿಯ ಮಿಷನ್ ಇಲ್ಲದ ಪೊರ್ಬುಗಳೂ ತಲೆಯೆತ್ತಿದರು. ಕೊಡೆ ಬಿಚ್ಚುತ್ತ, ಮುಚ್ಚುತ್ತ, ಕೊನೆಗೆ ಕೊಡೆಯನ್ನು ಅಲ್ಲಿಯೇ ಬಿಸಾಡಿ ಮಳೆಯಲ್ಲಿ ನೆನೆಯುತ್ತ ಬಂದರು. ಮೊದಲು ಬಂದು ಮಾಡಿದ ಕೆಲಸವೆಂದರೆ ಪೆಟ್ರೋಲಿನ ತಿರುಪನ್ನು ಮುಚ್ಚಿದ್ದು. ಆಮೇಲೆ ನನ್ನನ್ನು ನೋಡಿದರು. ನಾನು ಗೋಡೆಗೆ ಒರಗಿ ನಿಂತೇ ಇದ್ದೆ. ಲಿಫ್ಟು ತರುವುದು ಬೇಡವೆಂದು ಹೇಳಿದ್ದೆನಲ್ಲ ಎಂಬ ಮಾತು ಅವರ ಬಾಯಿಯವರೆಗೆ ಬಂದದ್ದು ಕಂಡಿತು. ಆದರೆ ಒಳಗೆ ಕರೆದುಕೊಂಡು ಹೋಗಿ ಮಂಚದಲ್ಲಿ ಮಲಗಿಸಿ, ನನ್ನ ಹೆಂಡತಿಗೆ ಫೋನ್ ಮಾಡಿ, ಅವಳು ಬರುವವರೆಗೆ ಒದ್ದೆ ಬಟ್ಟೆಯಲ್ಲಿಯೇ ಕುರ್ಚಿಯ ಮೇಲೆ ಕೂತಿದ್ದರು. ಅಷ್ಟು ಹೊತ್ತು ಅವರು ಒಂದೇ ಕಡೆ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅವಳು ಯೂನಿಫಾರ್ಮಿನಲ್ಲಿಯೇ ಬಂದಳು. ನನ್ನ ಕಾಲಿನ ಬೆರಳುಗಳನ್ನು ಒಂದೊಂದಾಗಿ ಅಲ್ಲಾಡಿಸಲು ಹೇಳಿದಳು. ಅಂಗಾಲಿಗೆ ಕೀಲಿಕೈಯ ತುದಿ ಎಳೆದು ಗೊತ್ತಾಗುತ್ತದೆಯೇ ಎಂದು ಕೇಳಿದಳು. ಎಡಗಾಲು ಎತ್ತಿಸಿದಳು, ಬಲಗಾಲು ಎತ್ತಿಸಿದಳು, ತನ್ನ ಅಂಗೈಯನ್ನು ಪಾದಕ್ಕೆ ಕೊಟ್ಟು ಒತ್ತಲು ಹೇಳಿದಳು. ಬಲಗಾಲಿನ ಒತ್ತು ಕಡಿಮೆಯಿತ್ತು, ಆದರೆ ಇತ್ತು. ಅದೆಲ್ಲ ಮುಗಿದ ಮೇಲೆ ಹೊರಗೆ ಹೋಗಿ ಬೈಕು ನೋಡಿ ಬಂದಳು. ಕ್ಲಚ್ಚಿನ ಲಿವರ್ ಮುರಿದಿತ್ತು, ಕನ್ನಡಿ ಪುಡಿಯಾಗಿತ್ತು, ಟ್ಯಾಂಕು ಒಂದು ಬದಿಯಲ್ಲಿ ತಟ್ಟೆಯ ಹಾಗೆ ಒಳಗೆ ಹೋಗಿತ್ತು. ನಾನು ಹಿಡಿದು ನಿಂತದ್ದನ್ನೂ ಬಿಟ್ಟದ್ದನ್ನೂ ಹೇಳಿದೆ. ಅವಳು ಮಂಚದ ಅಂಚಿನಲ್ಲಿ ಕೂತಳು.

"ಬಿಟ್ರಲ್ಲ," ಎಂದಳು. "ಅಷ್ಟು ಸಾಕು ನನಗೆ." ಆಮೇಲೆ ನನ್ನ ಬಲಪಾದವನ್ನು ಮತ್ತೆ ಕೈಗೆ ತೆಗೆದುಕೊಂಡಳು.

ಸ್ಕ್ಯಾನ್ ಮಾಡಿಸಿದೆವು. ಆಪರೇಷನ್ ಆದ ಜಾಗ ಹಾಗೆಯೇ ಇತ್ತು, ಸ್ನಾಯು ಮಾತ್ರ ಎಳೆದಿತ್ತು. ಸ್ವಲ್ಪ ದಿನ ಸೊಂಟಕ್ಕೆ ಬೆಲ್ಟು ಹಾಕಿ ಮಲಗಿದರೆ ಸಾಕು ಎಂದರು ಡಾಕ್ಟರು. ಮೇಲಿನ ಕೆಲಸಕ್ಕೆ ಹೋಗುವ ಮನಸ್ಸಿದ್ದರೆ ಇನ್ನೂ ಕೆಲವು ತಿಂಗಳು ವ್ಯಾಯಾಮ ಮಾಡಿ ನೋಡಬಹುದು, ಬಾಗಿಲು ಪೂರ್ತಿ ಮುಚ್ಚಿಲ್ಲ ಎಂದೂ ಹೇಳಿದರು. ಆ ಬಾಗಿಲನ್ನು ನಾನೇ ಹಾಕಿಕೊಂಡೆ. ಯಾರ ಒತ್ತಾಯವೂ ಇರಲಿಲ್ಲ. ಮಾಡಿನ ಕೆಳಗೆ ನಿಂತಾಗ ನನ್ನ ಬಲಗಾಲು ನನಗೆ ಹೇಳದೆ ಹೊರಟುಹೋಗಿತ್ತು. ಅದು ನನ್ನದೇ ಗಾಡಿ, ಅಡಿಯಲ್ಲಿ ಯಾರೂ ಇರಲಿಲ್ಲ. ಧಕ್ಕೆಯಲ್ಲಿ ಭಾರದ ಅಡಿಯಲ್ಲಿ ಮನುಷ್ಯರು ಇರುತ್ತಾರೆ. ಇರಬಾರದು ಎಂಬ ನಿಯಮವಿದ್ದರೂ ಇರುತ್ತಾರೆ. ಆಫೀಸಿಗೆ ಫೋನ್ ಮಾಡಿ ಕೆಳಗಿನ ಕೆಲಸಕ್ಕೆ ಒಪ್ಪಿದೆ. ಹೆಂಡತಿಗೆ ಹೇಳಿದಾಗ ಅವಳು ಒಮ್ಮೆ ನನ್ನ ಕಡೆ ನೋಡಿ, ಸಂತೋಷವೋ ದುಃಖವೋ ಗೊತ್ತಾಗದ ದನಿಯಲ್ಲಿ, ಆಯ್ತು ಎಂದಳು.

ಬೈಕನ್ನು ಅದೇ ಮೇಜಿನ ಮೇಲೆ ಹತ್ತಿಸಿ ಸರಿಮಾಡಿದೆ. ಬೆಲ್ಟುಗಳನ್ನು ಬದಲಾಯಿಸಿದೆ. ಎರಡರ ಬದಲು ನಾಲ್ಕು, ಹಿಂಭಾಗಕ್ಕೂ ಎರಡು. ಕೊಂಡಿಗಳಿಗೆ ವಾರಕ್ಕೊಮ್ಮೆ ಎಣ್ಣೆ ಹಾಕುತ್ತೇನೆ. ಚಕ್ರ ಬಿಚ್ಚುವ ದಿನ ಇನ್ನೊಬ್ಬರು ಇದ್ದೇ ಇರಬೇಕು, ಅವರ ಕಿವಿಯಲ್ಲಿ ಮಿಷನ್ ಇರಬೇಕು. ಪೊರ್ಬುಗಳು ತಮ್ಮ ಸ್ಕೂಟರನ್ನೂ ತಂದು ಹತ್ತಿಸುತ್ತಾರೆ, ಈ ಲಿಫ್ಟನ್ನು ಹುಡುಕಿದ್ದು ತಾನೇ ಎಂದು ಬಂದವರಿಗೆಲ್ಲ ಹೇಳುತ್ತಾರೆ. ಟ್ಯಾಂಕಿನ ಗುಂಡಿಯನ್ನು ಎಬ್ಬಿಸಿಕೊಡುತ್ತೇನೆಂದು ಟಿಂಕರಿಂಗಿನವರು ಹೇಳಿದ್ದರು. ಬೇಡ ಎಂದೆ. ಬೇರೆ ಕಾರಣವಿಲ್ಲ, ಅದಕ್ಕೆ ಟ್ಯಾಂಕು ಬಿಚ್ಚಿ ಕೊಟ್ಟು ದಿನಗಟ್ಟಲೆ ಕಾಯಬೇಕಿತ್ತು.

ಮಳೆ ಬಿಟ್ಟ ಮೇಲೆ ಕೆಲಸಕ್ಕೆ ಹೋದೆ. ಹಳದಿ ಹೆಲ್ಮೆಟ್ಟು, ಕೈಯಲ್ಲಿ ವಾಕಿಟಾಕಿ. ಕಲ್ಲಿದ್ದಲಿನ ಹಡಗು ನಿಂತಿತ್ತು. ಮೇಲೆ ನನ್ನ ಹಳೆಯ ಕ್ಯಾಬಿನ್ನಿನಲ್ಲಿ, ನಾನೇ ಕೆಲಸ ಕಲಿಸಿದ ಒಬ್ಬರು. ನನಗೆಂದು ಯಾರೋ ನೆರಳಿನಲ್ಲಿ ಒಂದು ಕುರ್ಚಿ ಇಟ್ಟಿದ್ದರು. ಅದರಲ್ಲಿ ಕೂರಲಾಗಲಿಲ್ಲ. ಕೆಳಗಿನಿಂದ ನೋಡಿದರೆ ಎಲ್ಲವೂ ಬೇರೆ. ಕಲ್ಲಿದ್ದಲನ್ನು ಕಚ್ಚಿ ತರುವ ಗ್ರ್ಯಾಬಿನ ಬಾಯಿ ಎಷ್ಟು ದೊಡ್ಡದು, ಅದರ ನೆರಳು ಎಷ್ಟು ಬೇಗ ಬಂದು ಮೈಮೇಲೆ ಹಾದುಹೋಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಧಕ್ಕೆಯ ಈ ತುದಿಯಿಂದ ಲಾರಿಗೆ ಕಲ್ಲಿದ್ದಲು ತುಂಬಿಸುವ ಹಾಪರಿನವರೆಗೆ, ಹಾಪರಿನಿಂದ ಹಡಗಿನ ಮೂತಿಯವರೆಗೆ ನಡೆದೆ, ತಿರುಗಿ ಬಂದೆ, ಮತ್ತೆ ಹೋದೆ. ಮೇಲೆ ನೋಡುವುದು, ಕೆಳಗೆ ನೋಡುವುದು, ಲಾರಿಯವರನ್ನು ಹಿಂದಕ್ಕೆ ಸರಿಸುವುದು. ಸ್ವಲ್ಪ ಹೊತ್ತಿಗೆ ವಾಕಿಟಾಕಿಯಲ್ಲಿ ಮೇಲಿನಿಂದ ದನಿ ಬಂತು.

"ಸ್ವಲ್ಪ ಒಂದು ಕಡೆ ನಿಲ್ಲಿ ಮಾರಾಯ್ರೆ. ನೀವು ಹೀಗೆ ಓಡಾಡ್ತಾ ಇದ್ರೆ ನಾನು ಇದನ್ನು ಎಲ್ಲಿ ಇಳಿಸೂದು?"

ನಿಂತೆ. ಕೈ ಎತ್ತಿ ತೋರಿಸಿದೆ, ಅವರು ಇಳಿಸಿದರು. ಕಲ್ಲಿದ್ದಲಿನ ಧೂಳು ಎದ್ದು ಮುಖಕ್ಕೆ ಬಂತು. ಅದು ಅಡಗುವ ಮೊದಲೇ ನನ್ನ ಕಾಲುಗಳು ಮತ್ತೆ ಹೊರಟಿದ್ದವು.